ಅರ್ಜಿಯಿಂದ ಆದೇಶದವರೆಗೆ: ಸರ್ಕಾರಿ ಕಚೇರಿಯಲ್ಲಿ ಕಿರಿಯ ಗುಮಾಸ್ತರ ಕೆಲಸ

ಸರ್ಕಾರದ ಕೆಲಸವೆಂದರೆ ಜನರ ಕಣ್ಣಿಗೆ ಸಾಮಾನ್ಯವಾಗಿ ಕಾಣುವುದು ಮಂತ್ರಿಗಳ ಘೋಷಣೆ, ಅಧಿಕಾರಿಗಳ ಸಹಿ ಮತ್ತು ಕಚೇರಿಯ ಮೊಹರು. ಆದರೆ ಸಾಮಾನ್ಯ ಅರ್ಜಿಯೊಂದು ನೇರವಾಗಿ ಅಧಿಕಾರಿಯ ಮೇಜಿನ ಮೇಲೆ ಹೋಗಿ ಕೂರುವುದಿಲ್ಲ. ಅಂಚೆಯಲ್ಲಿ ಬಂದ ಅಥವಾ ಕೈಯಾರೆ ಕೊಟ್ಟ ಕಾಗದವನ್ನು ಮೊದಲು ಬಿಡಿಸಿ ನೋಡುವವರು, ಅದಕ್ಕೆ ದಿನಾಂಕದ ಮುದ್ರೆ ಒತ್ತಿ ಸಂಖ್ಯೆ ಕೊಡುವವರು, ಸಂಬಂಧಪಟ್ಟ ಶಾಖೆಗೆ ಮುಟ್ಟಿಸುವವರು ಕಚೇರಿಯ ಕಿರಿಯ ಗುಮಾಸ್ತರು. ಅವರು ವಹಿಯಲ್ಲಿ ಬರೆಯುವ ಒಂದು ಸಾಲು, ಅರ್ಜಿಯು ಸರ್ಕಾರಕ್ಕೆ ತಲುಪಿದೆ ಎಂಬುದಕ್ಕೆ ಮೊದಲ ಪುರಾವೆಯಾಗಿರುತ್ತದೆ. ಆ ಸಾಲು ಸರಿಯಾಗಿದ್ದರೆ ಅರ್ಜಿ ಎಲ್ಲಿದೆಯೆಂದು ಅರ್ಜಿದಾರರು ಯಾವಾಗ ಬೇಕಾದರೂ ಕೇಳಬಹುದು. ಆ ಸಾಲೇ ಇಲ್ಲದಿದ್ದರೆ ಕೇಳುವುದಕ್ಕೂ ಆಧಾರವಿರುವುದಿಲ್ಲ.

ಈ ಪಾಠವು ಎರಡು ಬಗೆಯ ಓದುಗರಿಗೆ ಉಪಯುಕ್ತವಾಗಬಹುದು. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಆರಂಭದ ಹುದ್ದೆಗೆ ಸೇರಬಯಸುವ ಯುವಕ ಯುವತಿಯರು ಒಂದು ಗುಂಪು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ಊರುಗಳಲ್ಲಿ ನೆಲೆಸಿ, ಒಂದಲ್ಲ ಒಂದು ಕಾರಣಕ್ಕೆ ಇಂಥ ಕಚೇರಿಗಳಿಗೆ ಪತ್ರ ಬರೆಯಬೇಕಾದ ಕನ್ನಡಿಗರು ಇನ್ನೊಂದು ಗುಂಪು. ಮೇಜಿನ ಎರಡೂ ಬದಿಯವರಿಗೆ ಕೆಲಸದ ಕ್ರಮ ತಿಳಿದಿದ್ದರೆ ಕೆಲಸವೂ ಸುಗಮವಾಗುತ್ತದೆ.

ಹುದ್ದೆಯ ಹೆಸರು ಮತ್ತು ಸ್ಥಾನ

‘ಗುಮಾಸ್ತ’ ಎಂಬ ಪದ ಫಾರಸಿ ಭಾಷೆಯಿಂದ ಬಂದದ್ದು. ನೇಮಿಸಲ್ಪಟ್ಟವನು, ಪ್ರತಿನಿಧಿ ಎಂಬುದು ಅದರ ಮೂಲಾರ್ಥ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಕಂಪನಿಯ ಪರವಾಗಿ ನೇಕಾರರಿಂದ ಬಟ್ಟೆ ಸಂಗ್ರಹಿಸುತ್ತಿದ್ದ ಏಜೆಂಟರನ್ನೂ ಈ ಹೆಸರಿನಿಂದಲೇ ಕರೆಯುತ್ತಿದ್ದರು. ಕಾಲಕ್ರಮದಲ್ಲಿ ಕನ್ನಡದಲ್ಲಿ ಅದು ಕಚೇರಿಯ ಲೆಕ್ಕಪತ್ರ ಮತ್ತು ಬರವಣಿಗೆಯನ್ನು ನೋಡಿಕೊಳ್ಳುವವರ ಹೆಸರಾಗಿ ನಿಂತಿತು.

ಕರ್ನಾಟಕ ರಾಜ್ಯ ಸರ್ಕಾರದ ಕಚೇರಿಗಳಲ್ಲಿ ಈ ಮಟ್ಟದ ಹುದ್ದೆಯನ್ನು ದ್ವಿತೀಯ ದರ್ಜೆ ಸಹಾಯಕ ಎಂದು ಕರೆಯಲಾಗುತ್ತದೆ. ಕೇಂದ್ರ ಸರ್ಕಾರದಲ್ಲಿ ಅದು ಕೆಳದರ್ಜೆ ಗುಮಾಸ್ತರ ಹುದ್ದೆ. ಎಲ್.ಡಿ.ಸಿ. ಎಂಬ ಸಂಕ್ಷಿಪ್ತ ನಾಮದಿಂದಲೇ ಇದು ಹೆಚ್ಚು ಪರಿಚಿತ. ಕೇಂದ್ರ ಸಚಿವಾಲಯದಲ್ಲಿ ಹಾಗೂ ಕೆಲವು ಇಲಾಖೆಗಳಲ್ಲಿ ಕಿರಿಯ ಸಚಿವಾಲಯ ಸಹಾಯಕ ಎಂಬ ಹೆಸರು ಬಳಕೆಗೆ ಬಂದಿದೆ. ಇದು ‘ಸಿ’ ಗುಂಪಿಗೆ ಸೇರಿದ ಹುದ್ದೆ. ಇದರ ಮೇಲೆ ಮೇಲ್ದರ್ಜೆ ಗುಮಾಸ್ತರು, ಸಹಾಯಕರು ಮತ್ತು ಶಾಖಾಧಿಕಾರಿಗಳು ಇರುತ್ತಾರೆ.

ಕೇಂದ್ರ ಸಚಿವಾಲಯದ ಕಚೇರಿ ಕಾರ್ಯವಿಧಾನ ಕೈಪಿಡಿಯು 1955ರಲ್ಲಿ ಮೊದಲು ಪ್ರಕಟವಾಯಿತು. ಅಲ್ಲಿಂದ ಮುಂದೆ ಅದನ್ನು ಅನೇಕ ಬಾರಿ ಪರಿಷ್ಕರಿಸಲಾಗಿದೆ. ಅದರ ಪ್ರಕಾರ ಕೆಳದರ್ಜೆ ಗುಮಾಸ್ತರಿಗೆ ವಹಿಸುವ ಮುಖ್ಯ ಕೆಲಸಗಳು ಇವು: ಬಂದ ಪತ್ರಗಳ ನೋಂದಣಿ, ಶಾಖೆಯ ದಿನವಹಿಯ ನಿರ್ವಹಣೆ, ಕಡತಗಳ ದಾಖಲಾತಿ ಮತ್ತು ಚಲನವಲನದ ವಹಿಗಳು, ವಿಷಯಸೂಚಿ ತಯಾರಿಕೆ, ಟೈಪಿಂಗ್, ಟೈಪಾದ ಪ್ರತಿಯನ್ನು ಮೂಲದೊಡನೆ ತಾಳೆ ನೋಡುವುದು, ಪತ್ರಗಳ ರವಾನೆ, ಬಾಕಿ ಪ್ರಕರಣಗಳ ತಃಖ್ತೆ, ನಿಯಮ ಪುಸ್ತಕಗಳಲ್ಲಿ ತಿದ್ದುಪಡಿಗಳನ್ನು ಸೇರಿಸುವುದು ಮತ್ತು ಸರಳವಾದ ಪತ್ರಗಳ ಕರಡು ರಚನೆ. ಪಟ್ಟಿಯನ್ನು ಓದಿದಾಗ ಇವೆಲ್ಲ ಯಾಂತ್ರಿಕ ಕೆಲಸಗಳೆಂದು ತೋರಬಹುದು. ಒಂದು ಕಾಗದದ ಹಿಂದೆ ಹೋಗಿ ನೋಡಿದರೆ ಇವುಗಳ ಮಹತ್ವ ತಿಳಿಯುತ್ತದೆ.

ನೇಮಕಾತಿಯ ವಿಧಾನ

ಕೇಂದ್ರ ಸಚಿವಾಲಯ, ವಿವಿಧ ಮಂತ್ರಾಲಯಗಳು ಮತ್ತು ಅಧೀನ ಕಚೇರಿಗಳ ಇಂಥ ಹುದ್ದೆಗಳಿಗೆ ಅಭ್ಯರ್ಥಿಗಳನ್ನು ಆರಿಸುವ ಪ್ರಮುಖ ಸಂಸ್ಥೆ ಸಿಬ್ಬಂದಿ ನೇಮಕಾತಿ ಆಯೋಗ. 1975ರ ನವೆಂಬರ್ 4ರ ನಿರ್ಣಯದ ಮೂಲಕ ಅಧೀನ ಸೇವೆಗಳ ಆಯೋಗವೆಂಬ ಹೆಸರಿನಲ್ಲಿ ರಚನೆಯಾದ ಈ ಸಂಸ್ಥೆಗೆ 1977ರಲ್ಲಿ ಈಗಿನ ಹೆಸರು ಬಂತು. ದೆಹಲಿಯಲ್ಲಿ ಇದರ ಪ್ರಧಾನ ಕಚೇರಿ ಇದೆ. ಬೆಂಗಳೂರು, ಮುಂಬಯಿ, ಚೆನ್ನೈ ಮೊದಲಾದ ನಗರಗಳಲ್ಲಿ ಪ್ರಾದೇಶಿಕ ಕಚೇರಿಗಳಿವೆ.

ಆಯೋಗವು ನಡೆಸುವ ಸಂಯುಕ್ತ ಹೈಯರ್ ಸೆಕೆಂಡರಿ ಮಟ್ಟದ ಪರೀಕ್ಷೆಯು ಈ ಹುದ್ದೆಯ ಹೆಬ್ಬಾಗಿಲು. ಹನ್ನೆರಡನೆಯ ತರಗತಿ ಅಥವಾ ತತ್ಸಮಾನ ಪರೀಕ್ಷೆಯಲ್ಲಿ ಉತ್ತೀರ್ಣರಾಗಿರಬೇಕು. ಇತ್ತೀಚಿನ ವರ್ಷಗಳ ಅಧಿಸೂಚನೆಗಳಂತೆ ವಯೋಮಿತಿ 18ರಿಂದ 27 ವರ್ಷ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳಿಗೆ 5 ವರ್ಷ, ಇತರ ಹಿಂದುಳಿದ ವರ್ಗಗಳಿಗೆ 3 ವರ್ಷಗಳ ಸಡಿಲಿಕೆ ಇದೆ. ಕಂಪ್ಯೂಟರ್ ಆಧಾರಿತ ಪರೀಕ್ಷೆಯ ನಂತರ ಟೈಪಿಂಗ್ ಪರೀಕ್ಷೆ ನಡೆಯುತ್ತದೆ. ಇಂಗ್ಲಿಷಿನಲ್ಲಿ ನಿಮಿಷಕ್ಕೆ 35 ಪದ ಅಥವಾ ಹಿಂದಿಯಲ್ಲಿ ನಿಮಿಷಕ್ಕೆ 30 ಪದಗಳ ವೇಗ ಬೇಕು. ಒಂದು ಪದಕ್ಕೆ ಸರಾಸರಿ 5 ಕೀಲಿಗಳೆಂದು ಲೆಕ್ಕ ಹಾಕಿದರೆ ಇದು ಗಂಟೆಗೆ ಕ್ರಮವಾಗಿ 10,500 ಮತ್ತು 9,000 ಕೀಲಿಗಳಷ್ಟಾಗುತ್ತದೆ. ಲಿಖಿತ ಭಾಗದಲ್ಲಿ ಉತ್ತಮ ಅಂಕ ಪಡೆದರೂ ಟೈಪಿಂಗಿನಲ್ಲಿ ಅರ್ಹರಾಗದೆ ಆಯ್ಕೆ ಪಟ್ಟಿಯಿಂದ ಹೊರಗುಳಿಯುವ ಸಾಧ್ಯತೆ ಇರುವುದರಿಂದ, ಅದರ ಅಭ್ಯಾಸವನ್ನು ಕಡೆಗೆಂದು ಬಿಡದೆ ಮೊದಲ ದಿನದಿಂದಲೇ ಆರಂಭಿಸುವುದು ಲೇಸು.

ಪರೀಕ್ಷೆಯ ಭಾಷೆಯ ವಿಷಯದಲ್ಲಿ ಒಂದು ಮಾತನ್ನು ಕನ್ನಡಿಗರು ಗಮನಿಸಬೇಕು. ಆಯೋಗದ ಬಹುಕಾರ್ಯ ಸಿಬ್ಬಂದಿ ಪರೀಕ್ಷೆಯನ್ನು ಹಿಂದಿ ಮತ್ತು ಇಂಗ್ಲಿಷುಗಳ ಜೊತೆಗೆ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ತೀರ್ಮಾನವನ್ನು ಕೇಂದ್ರ ಸರ್ಕಾರವು 2023ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಯಾವ ಪರೀಕ್ಷೆಗೆ ಯಾವ ಯಾವ ಭಾಷೆಗಳ ಆಯ್ಕೆ ಇದೆ ಎಂಬುದನ್ನು ಆಯಾ ಅಧಿಸೂಚನೆಯಲ್ಲಿ ನೋಡಿಕೊಂಡು ಅರ್ಜಿ ತುಂಬಬೇಕು.

ಟಪಾಲು: ಮೊದಲ ಮೆಟ್ಟಿಲು

ಕೆಲಸದ ಕ್ರಮವನ್ನು ತಿಳಿಯಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಪುಣೆಯ ಒಂದು ಕೇಂದ್ರ ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಒಬ್ಬ ನೌಕರರು ತಮ್ಮ ಊರಾದ ಅಕ್ಕಲಕೋಟೆಯಲ್ಲಿ ತೀರಿಕೊಂಡಿದ್ದಾರೆ. ಅವರ ಪತ್ನಿ ಕುಟುಂಬ ಪಿಂಚಣಿಗಾಗಿ ಬ್ಯಾಂಕಿಗೆ ಹೋದಾಗ, ಪಿಂಚಣಿ ಪಾವತಿ ಆದೇಶದಲ್ಲಿರುವ ಹೆಸರಿಗೂ ಅವರ ಗುರುತಿನ ಚೀಟಿಯಲ್ಲಿರುವ ಹೆಸರಿಗೂ ಹೊಂದಿಕೆಯಾಗುತ್ತಿಲ್ಲ ಎಂಬ ಉತ್ತರ ಬಂದಿದೆ. ಕನ್ನಡದ ಹೆಸರು ಒಂದು ಕಡೆ ಮರಾಠಿ ಉಚ್ಚಾರಣೆಯಂತೆ, ಇನ್ನೊಂದು ಕಡೆ ಇಂಗ್ಲಿಷ್ ಅಕ್ಷರಗಳಲ್ಲಿ ಬೇರೆ ರೀತಿ ನಮೂದಾಗುವುದು ಗಡಿನಾಡಿನ ಕುಟುಂಬಗಳಿಗೆ ಹೊಸದೇನೂ ಅಲ್ಲ. ಹೆಸರನ್ನು ಸರಿಪಡಿಸಿ ಕೊಡಬೇಕೆಂದು ಆಕೆ ಪತಿ ಕೆಲಸ ಮಾಡುತ್ತಿದ್ದ ಕಚೇರಿಗೆ ಕನ್ನಡದಲ್ಲಿ ಪತ್ರ ಬರೆಯುತ್ತಾರೆ. ಮರಣ ಪ್ರಮಾಣಪತ್ರ, ಪಿಂಚಣಿ ಪಾವತಿ ಆದೇಶ ಮತ್ತು ಗುರುತಿನ ಚೀಟಿಗಳ ನಕಲುಗಳನ್ನು ಲಗತ್ತಿಸುತ್ತಾರೆ.

ಆ ಲಕೋಟೆ ಕಚೇರಿಯ ಟಪಾಲು ವಿಭಾಗಕ್ಕೆ ಬರುತ್ತದೆ. ಅಲ್ಲಿನ ಗುಮಾಸ್ತರು ಅದನ್ನು ಬಿಡಿಸಿ, ಪತ್ರದ ಮೇಲೆ ಕಚೇರಿಯ ಹೆಸರು ಮತ್ತು ದಿನಾಂಕವಿರುವ ಮುದ್ರೆ ಒತ್ತಬೇಕು. ನಂತರ ದಿನವಹಿಯಲ್ಲಿ ಕ್ರಮಸಂಖ್ಯೆ, ಬಂದ ದಿನಾಂಕ, ಯಾರಿಂದ ಬಂತು, ಪತ್ರದ ದಿನಾಂಕ, ವಿಷಯ, ಲಗತ್ತುಗಳ ಸಂಖ್ಯೆ ಮತ್ತು ಯಾವ ಶಾಖೆಗೆ ಕಳುಹಿಸಲಾಯಿತು ಎಂಬುದನ್ನು ಬರೆಯಬೇಕು. ವಹಿಯಲ್ಲಿರುವ ಸಂಖ್ಯೆಯನ್ನು ಪತ್ರದ ಮೇಲೂ ನಮೂದಿಸಬೇಕು.

ಈ ಹಂತದಲ್ಲಿ ಎರಡು ಅಂಕಣಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಮೊದಲನೆಯದು ವಿಷಯ. ಆಕೆಯ ಪತ್ರವನ್ನು ‘ಇತರೆ ಅರ್ಜಿ’ ಎಂದು ಬರೆದರೆ ಮೂರು ತಿಂಗಳ ನಂತರ ಅದನ್ನು ಯಾರೂ ಹುಡುಕಲಾರರು. ‘ಕುಟುಂಬ ಪಿಂಚಣಿ, ಪತ್ನಿಯ ಹೆಸರಿನ ತಿದ್ದುಪಡಿ’ ಎಂದು ಬರೆದು ನಿವೃತ್ತ ನೌಕರರ ಹೆಸರನ್ನು ಸೇರಿಸಿದರೆ ಎರಡು ನಿಮಿಷಗಳಲ್ಲಿ ಸಿಗುತ್ತದೆ. ಎರಡನೆಯದು ಲಗತ್ತುಗಳು. ಲಗತ್ತು ಮೂರು ಎಂದು ವಹಿಯಲ್ಲಿ ಇದ್ದರೆ, ಮುಂದೆ ಯಾವುದೋ ಮೇಜಿನ ಮೇಲೆ ಒಂದು ಹಾಳೆ ಬೇರೆಯಾದಾಗ ಅದನ್ನು ಕಚೇರಿಯೇ ಹುಡುಕಬೇಕಾಗುತ್ತದೆ. ಆ ಅಂಕಣ ಖಾಲಿ ಇದ್ದರೆ ‘ಮರಣ ಪ್ರಮಾಣಪತ್ರ ಲಗತ್ತಿಸಿಲ್ಲ’ ಎಂಬ ಹಿಂಬರಹ ಆಕೆಗೆ ಹೋಗುತ್ತದೆ, ಮತ್ತು ಆಕೆ ಇನ್ನೊಮ್ಮೆ ನಕಲು ಮಾಡಿಸಿ, ಅಂಚೆಗೆ ಹಾಕಿ, ಮತ್ತೆ ಕಾಯಬೇಕಾಗುತ್ತದೆ. ಕುಟುಂಬ ಪಿಂಚಣಿಯು ಮರಣದ ಮಾರನೆಯ ದಿನದಿಂದ ಸಲ್ಲತಕ್ಕದ್ದಾದ್ದರಿಂದ ತಡವಾದ ಹಣ ಬಾಕಿಯಾಗಿ ಸೇರಿ ಬರಬಹುದು. ಆದರೆ ಆ ತಿಂಗಳುಗಳ ದಿನಸಿ, ಔಷಧಿ ಮತ್ತು ಮನೆ ಬಾಡಿಗೆಗಳು ಬಾಕಿ ಬರುವವರೆಗೆ ಕಾಯುವುದಿಲ್ಲ.

ಪತ್ರದಲ್ಲಿ ನಮೂದಿಸಿದ ಲಗತ್ತು ನಿಜವಾಗಿಯೂ ಇಲ್ಲದಿದ್ದರೆ ಅದನ್ನು ಬಿಡಿಸಿದ ದಿನವೇ ವಹಿಯಲ್ಲಿಯೂ ಪತ್ರದ ಅಂಚಿನಲ್ಲಿಯೂ ಬರೆದಿಡಬೇಕು. ಇದರಿಂದ ಅರ್ಜಿದಾರರಿಗೆ ಕೂಡಲೆ ತಿಳಿಸಲು ಸಾಧ್ಯವಾಗುತ್ತದೆ. ಮುಂದೆ ಗುಮಾಸ್ತರ ಮೇಲೆ ಆಪಾದನೆ ಬರುವುದೂ ತಪ್ಪುತ್ತದೆ.

ಕನ್ನಡದಲ್ಲಿ ಬಂದ ಪತ್ರ

ಮಹಾರಾಷ್ಟ್ರದಲ್ಲಿರುವ ಕೇಂದ್ರ ಕಚೇರಿಗೆ ಕನ್ನಡದಲ್ಲಿ ಪತ್ರ ಬರೆಯಬಹುದೇ ಎಂಬ ಸಂಶಯ ಅನೇಕರಿಗೆ ಇರುತ್ತದೆ. ಸಂವಿಧಾನದ 350ನೆಯ ಅನುಚ್ಛೇದವು ಇದಕ್ಕೆ ಉತ್ತರ ನೀಡುತ್ತದೆ. ಯಾವುದೇ ಕುಂದುಕೊರತೆಯ ಪರಿಹಾರಕ್ಕಾಗಿ ಒಕ್ಕೂಟದ ಅಥವಾ ರಾಜ್ಯದ ಅಧಿಕಾರಿಗೆ, ಒಕ್ಕೂಟದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಪ್ರತಿಯೊಬ್ಬರಿಗೂ ಹಕ್ಕಿದೆ ಎಂದು ಅದು ಹೇಳುತ್ತದೆ. ಕನ್ನಡವು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಭಾಷೆ. ಆದ್ದರಿಂದ ಓದಲು ಬಾರದ ಲಿಪಿಯಲ್ಲಿದೆ ಎಂಬ ಕಾರಣಕ್ಕೆ ಪತ್ರವನ್ನು ನೋಂದಾಯಿಸದೆ ಬದಿಗಿಡುವುದು ಸರಿಯಲ್ಲ. ಅದನ್ನು ವಹಿಗೆ ಸೇರಿಸಿ, ಭಾಷೆ ಬಲ್ಲವರಿಂದ ಸಾರಾಂಶ ಬರೆಯಿಸಿ ಶಾಖೆಗೆ ಕಳುಹಿಸಬೇಕು.

ಉತ್ತರ ಮಾತ್ರ ಸಾಮಾನ್ಯವಾಗಿ ಹಿಂದಿಯಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ ಬರುತ್ತದೆ. 1963ರ ರಾಜಭಾಷಾ ಅಧಿನಿಯಮ ಮತ್ತು 1976ರ ರಾಜಭಾಷಾ ನಿಯಮಗಳು ಕೇಂದ್ರ ಕಚೇರಿಗಳ ಭಾಷಾ ವ್ಯವಹಾರವನ್ನು ನಿರ್ಧರಿಸುತ್ತವೆ. ಹಿಂದಿ ತಿಳಿಯದ ನೌಕರರಿಗಾಗಿ ಪ್ರಬೋಧ, ಪ್ರವೀಣ ಮತ್ತು ಪ್ರಾಜ್ಞ ಎಂಬ ತರಬೇತಿ ಪಠ್ಯಕ್ರಮಗಳಿವೆ. ಕನ್ನಡ, ಹಿಂದಿ ಮತ್ತು ಇಂಗ್ಲಿಷು ಮೂರನ್ನೂ ಓದಬಲ್ಲ ಗುಮಾಸ್ತರು ಪುಣೆ, ಮುಂಬಯಿಯಂಥ ಕಚೇರಿಯಲ್ಲಿದ್ದರೆ ಇಂಥ ಪತ್ರಗಳ ದಾರಿ ಸುಲಭವಾಗುತ್ತದೆ. ಅರ್ಜಿದಾರರು ಸಹ ವಿಷಯ, ಹೆಸರು ಮತ್ತು ಪಿಂಚಣಿ ಪಾವತಿ ಆದೇಶದ ಸಂಖ್ಯೆಯನ್ನು ಪತ್ರದ ತಲೆಯಲ್ಲಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಒಂದು ಸಾಲು ಬರೆದರೆ ವಿಳಂಬ ತಪ್ಪುತ್ತದೆ.

ಕಡತ ಮತ್ತು ಟಿಪ್ಪಣಿ

ಶಾಖೆಗೆ ಬಂದ ಪತ್ರವು ಅಲ್ಲಿಯ ದಿನವಹಿಗೆ ಸೇರಿ, ಶಾಖಾಧಿಕಾರಿಗಳ ಕಣ್ಣಿಗೆ ಬಿದ್ದು, ವಿಷಯ ನಿರ್ವಾಹಕರ ಕೈಗೆ ಬರುತ್ತದೆ. ಆ ವಿಷಯಕ್ಕೆ ಈಗಾಗಲೇ ಕಡತವಿದೆಯೇ ಎಂದು ಸೂಚಿಯಲ್ಲಿ ನೋಡುವುದು ಮೊದಲ ಕೆಲಸ. ಇದ್ದ ಕಡತವನ್ನು ಹುಡುಕದೆ ಹೊಸದನ್ನು ತೆರೆದರೆ ಒಂದೇ ವ್ಯಕ್ತಿಯ ವಿಷಯ ಎರಡು ಕಡತಗಳಲ್ಲಿ ಹಂಚಿಹೋಗಿ, ಒಂದರಲ್ಲಿ ಕೊಟ್ಟ ಉತ್ತರ ಇನ್ನೊಂದಕ್ಕೆ ತಿಳಿಯದಂತಾಗುತ್ತದೆ.

ಕಾಗದದ ಕಡತದಲ್ಲಿ ಎರಡು ಭಾಗಗಳಿರುತ್ತವೆ. ಪತ್ರವ್ಯವಹಾರ ಭಾಗದಲ್ಲಿ ಬಂದ ಪತ್ರಗಳು ಮತ್ತು ಕಳುಹಿಸಿದ ಪತ್ರಗಳ ಕಚೇರಿ ಪ್ರತಿಗಳು ದಿನಾಂಕದ ಕ್ರಮದಲ್ಲಿರುತ್ತವೆ. ಟಿಪ್ಪಣಿ ಭಾಗದಲ್ಲಿ ಆ ಪತ್ರಗಳ ಕುರಿತ ಪರಿಶೀಲನೆ, ನಿಯಮಗಳ ಉಲ್ಲೇಖ, ಸಲಹೆ ಮತ್ತು ಅಧಿಕಾರಿಗಳ ಆದೇಶಗಳು ಇರುತ್ತವೆ. ಎರಡೂ ಭಾಗಗಳ ಪುಟಗಳಿಗೆ ಬೇರೆ ಬೇರೆಯಾಗಿ ಸಂಖ್ಯೆ ಹಾಕಬೇಕು. ಟಿಪ್ಪಣಿಯಲ್ಲಿ ಯಾವ ಪತ್ರದ ಮಾತು ಬಂದರೂ ಅದರ ಪುಟಸಂಖ್ಯೆಯನ್ನು ಅಂಚಿನಲ್ಲಿ ಸೂಚಿಸಬೇಕು.

ಟಿಪ್ಪಣಿ ಚಿಕ್ಕದಾಗಿರಬೇಕು ಮತ್ತು ವಾಸ್ತವಾಂಶಗಳಿಂದ ಕೂಡಿರಬೇಕು. ಪತ್ರದಲ್ಲಿರುವುದನ್ನೇ ಮತ್ತೆ ಬರೆಯಬೇಕಾಗಿಲ್ಲ. ಕೇಳಿರುವುದು ಏನು, ದಾಖಲೆಯಲ್ಲಿ ಇರುವುದು ಏನು, ನಿಯಮ ಏನು ಹೇಳುತ್ತದೆ, ಈಗ ಮಾಡಬೇಕಾದದ್ದು ಏನು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿದ್ದರೆ ಸಾಕು. ವ್ಯಕ್ತಿಗಳ ಬಗ್ಗೆ ಕಟುವಾದ ಮಾತು ಬರಕೂಡದು. ಟಿಪ್ಪಣಿ ಬರೆದ ಶಾಖೆಯ ನೌಕರರು ಅದರ ಕೆಳಗೆ ಎಡಬದಿಯಲ್ಲಿ ದಿನಾಂಕದೊಡನೆ ಪೂರ್ಣ ಸಹಿ ಮಾಡುತ್ತಾರೆ. ಅಧಿಕಾರಿಗಳ ಸಹಿ ಬಲಬದಿಯಲ್ಲಿರುತ್ತದೆ. ಮಾಮೂಲು ಪ್ರಕರಣಗಳಲ್ಲಿ ಆರಂಭದ ಟಿಪ್ಪಣಿಯನ್ನು ಬರೆಯುವ ಅವಕಾಶ ಕಿರಿಯ ಗುಮಾಸ್ತರಿಗೂ ದೊರೆಯುವುದುಂಟು. ಅದನ್ನು ಹೊರೆಯೆಂದು ಭಾವಿಸದೆ ಕಲಿಕೆಯೆಂದು ಸ್ವೀಕರಿಸಿದವರು ಮುಂದೆ ಉತ್ತಮ ಶಾಖಾಧಿಕಾರಿಗಳಾಗುತ್ತಾರೆ.

ಹಳೆಯ ದಾಖಲೆಯ ಬೆಲೆ

ಉದಾಹರಣೆಯ ಪ್ರಕರಣದಲ್ಲಿ ಹೆಸರು ಯಾವುದು ಸರಿ ಎಂದು ತೀರ್ಮಾನಿಸಲು ಕಚೇರಿಯು ತನ್ನ ದಾಖಲೆಗಳನ್ನೇ ನೋಡಬೇಕಾಗುತ್ತದೆ. ನೌಕರರ ಸೇವಾ ಪುಸ್ತಕ ಮತ್ತು ಅವರು ಸೇವೆಯಲ್ಲಿದ್ದಾಗ ಸಲ್ಲಿಸಿದ ಕುಟುಂಬದ ವಿವರಗಳ ನಮೂನೆ ಇಲ್ಲಿ ಮುಖ್ಯ. ಮೂವತ್ತು ವರ್ಷಗಳ ಹಿಂದೆ ಯಾವನೋ ಒಬ್ಬ ಗುಮಾಸ್ತ ಆ ನಮೂನೆಯನ್ನು ಸೇವಾ ಪುಸ್ತಕಕ್ಕೆ ಅಂಟಿಸಿ ಪುಟಸಂಖ್ಯೆ ಹಾಕಿದ್ದರೆ, ಈಗ ಹೆಸರಿನ ತಿದ್ದುಪಡಿಗೆ ಆಧಾರ ಕೈಯಲ್ಲೇ ಇರುತ್ತದೆ. ಅದು ಕಳೆದುಹೋಗಿದ್ದರೆ ಪ್ರಮಾಣಪತ್ರಗಳಿಗಾಗಿ ಆಕೆ ಹಲವು ಕಚೇರಿಗಳ ಮೆಟ್ಟಿಲು ಹತ್ತಬೇಕಾಗುತ್ತದೆ. ಅಂದು ಆ ಹಾಳೆಯನ್ನು ಜೋಡಿಸಿದವರಿಗೆ ಅದು ಯಾರಿಗೆ, ಯಾವಾಗ ಬೇಕಾಗುವುದೆಂದು ತಿಳಿದಿರಲಿಲ್ಲ. ದಾಖಲೆಯ ಕೆಲಸದ ಸ್ವಭಾವವೇ ಹೀಗೆ: ಮಾಡಿದವರು ನಿವೃತ್ತರಾದ ಮೇಲೆ ಅದರ ಫಲ ದೊರೆಯುತ್ತದೆ.

ಕೆಲಸ ಮುಗಿದ ಕಡತಗಳನ್ನು ಅವುಗಳ ಮಹತ್ವಕ್ಕೆ ತಕ್ಕಂತೆ ಎ, ಬಿ ಮತ್ತು ಸಿ ಎಂದು ವರ್ಗೀಕರಿಸಲಾಗುತ್ತದೆ. ಎ ಮತ್ತು ಬಿ ವರ್ಗದವು ಶಾಶ್ವತವಾಗಿ ಉಳಿಯತಕ್ಕವು. ಸಿ ವರ್ಗದವನ್ನು ನಿಗದಿತ ಅವಧಿಯವರೆಗೆ ಇಟ್ಟು, ನಂತರ ಪರಿಶೀಲಿಸಿ ವಿಲೇವಾರಿ ಮಾಡಲಾಗುತ್ತದೆ. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮದಂತೆ ಸರ್ಕಾರಿ ದಾಖಲೆಗಳನ್ನು ನಿಯಮಬಾಹಿರವಾಗಿ ನಾಶಪಡಿಸುವುದು ಅಪರಾಧ. ಅದಕ್ಕೆ 5 ವರ್ಷಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಶಾಶ್ವತ ಮೌಲ್ಯದ ಹಳೆಯ ದಾಖಲೆಗಳು ಕೊನೆಗೆ ಭಾರತದ ರಾಷ್ಟ್ರೀಯ ಅಭಿಲೇಖಾಲಯವನ್ನು ಸೇರುತ್ತವೆ. 1891ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಆ ಸಂಸ್ಥೆ ಈಗ ದೆಹಲಿಯಲ್ಲಿದೆ. ಅಲ್ಲಿ ಕುಳಿತು ಇತಿಹಾಸ ಬರೆಯುವ ವಿದ್ವಾಂಸರು ಓದುವುದು ಬಹುಮಟ್ಟಿಗೆ ಹೆಸರು ತಿಳಿಯದ ಗುಮಾಸ್ತರು ಜೋಡಿಸಿದ ಹಾಳೆಗಳನ್ನೇ.

ಕರಡು, ಶುದ್ಧಪ್ರತಿ ಮತ್ತು ರವಾನೆ

ಆದೇಶವಾದ ಮೇಲೆ ಪತ್ರದ ಕರಡು ಸಿದ್ಧವಾಗುತ್ತದೆ. ಪತ್ರ, ಅರೆ ಸರ್ಕಾರಿ ಪತ್ರ, ಅಧಿಕೃತ ಜ್ಞಾಪನ, ಸುತ್ತೋಲೆ, ಆದೇಶ, ಅಧಿಸೂಚನೆ, ಹಿಂಬರಹ ಎಂದು ಸರ್ಕಾರಿ ಬರವಣಿಗೆಗೆ ಹಲವು ರೂಪಗಳಿವೆ. ಯಾರಿಗೆ, ಯಾವ ಉದ್ದೇಶಕ್ಕೆ ಬರೆಯಲಾಗುತ್ತಿದೆ ಎಂಬುದನ್ನು ನೋಡಿ ರೂಪವನ್ನು ಆರಿಸಬೇಕು. ಕರಡು ಒಪ್ಪಿಗೆಯಾದ ನಂತರ ಶುದ್ಧಪ್ರತಿ ಟೈಪ್ ಮಾಡಿ, ಮೂಲದೊಡನೆ ತಾಳೆ ನೋಡಿ ಸಹಿಗೆ ಇಡಬೇಕು.

ತಾಳೆ ನೋಡುವ ಕೆಲಸದಲ್ಲಿ ಅವಸರ ಸಲ್ಲದು. ಹೆಸರು, ಮೊತ್ತ, ದಿನಾಂಕ ಮತ್ತು ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಒಬ್ಬರು ಓದಿ ಇನ್ನೊಬ್ಬರು ನೋಡುವುದು ಹಳೆಯ ಕ್ರಮ. ಅದು ಈಗಲೂ ಒಳ್ಳೆಯ ಕ್ರಮವೇ. ಉದಾಹರಣೆಯ ಪ್ರಕರಣ ಹುಟ್ಟಿದ್ದೇ ಹಿಂದೆಂದೋ ಟೈಪ್ ಮಾಡುವಾಗ ಆದ ಒಂದೆರಡು ಅಕ್ಷರಗಳ ವ್ಯತ್ಯಾಸದಿಂದ. ಅದನ್ನು ಸರಿಪಡಿಸುವ ಪತ್ರದಲ್ಲಿ ಇನ್ನೊಂದು ತಪ್ಪು ಸೇರಿದರೆ ಅರ್ಜಿದಾರರ ಕಷ್ಟ ಇಮ್ಮಡಿಯಾಗುತ್ತದೆ.

ಸಹಿಯಾದ ತಿದ್ದುಪಡಿ ಪ್ರಸ್ತಾವನೆ ಕಚೇರಿಯಿಂದ ವೇತನ ಮತ್ತು ಲೆಕ್ಕಪತ್ರ ಕಚೇರಿಗೆ, ಅಲ್ಲಿಂದ ದೆಹಲಿಯ ಕೇಂದ್ರ ಪಿಂಚಣಿ ಲೆಕ್ಕಪತ್ರ ಕಚೇರಿಗೆ, ಕೊನೆಗೆ ಬ್ಯಾಂಕಿಗೆ ಹೋಗುತ್ತದೆ. ಪ್ರತಿ ಹಂತದಲ್ಲಿಯೂ ಒಂದು ಕಚೇರಿಯ ರವಾನೆ ಸಂಖ್ಯೆ ಮುಂದಿನ ಕಚೇರಿಯ ಸ್ವೀಕೃತಿ ಸಂಖ್ಯೆಯೊಡನೆ ಕೊಂಡಿಯಾಗಿ ಸೇರುತ್ತದೆ. ಅರ್ಜಿದಾರರಿಗೆ ಅದರ ಒಂದು ಪ್ರತಿ ಹೋಗಬೇಕು. ಪತ್ರ ಎಲ್ಲಿಗೆ ಹೋಗಿದೆ ಎಂದು ತಿಳಿದ ವ್ಯಕ್ತಿಗೆ ಪುಣೆಗೂ ಅಕ್ಕಲಕೋಟೆಗೂ ಅಲೆಯುವ ಅಗತ್ಯ ಬೀಳುವುದಿಲ್ಲ.

ದಿನಾಂಕ ಮತ್ತು ನಾಗರಿಕರ ಹಕ್ಕು

ಸ್ವೀಕೃತಿಯ ದಿನಾಂಕಕ್ಕೆ ಕಾನೂನಿನ ಮಹತ್ವವೂ ಇದೆ. 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದ ಮಾಹಿತಿ ಹಕ್ಕು ಅಧಿನಿಯಮದಂತೆ, ಅರ್ಜಿ ತಲುಪಿದ 30 ದಿನಗಳೊಳಗೆ ಉತ್ತರ ಕೊಡಬೇಕು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಗಳೊಳಗೆ ಕೊಡಬೇಕು. ಮಾಹಿತಿ ಬೇರೆ ಪ್ರಾಧಿಕಾರದಲ್ಲಿದ್ದರೆ ಅರ್ಜಿಯನ್ನು 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಬೇಕು. ಸಕಾರಣವಿಲ್ಲದೆ ತಡ ಮಾಡಿದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ, ಒಟ್ಟು 25,000 ರೂಪಾಯಿ ಮೀರದಂತೆ ದಂಡ ವಿಧಿಸಬಹುದು. ಇಂಥ ಅರ್ಜಿ ಟಪಾಲು ಮೇಜಿನ ಮೇಲೆ ಎರಡು ದಿನ ಬಿದ್ದಿದ್ದರೂ ಆ ಎರಡು ದಿನಗಳು ಲೆಕ್ಕದಿಂದ ಕಳೆಯುತ್ತವೆ.

ಕರ್ನಾಟಕದಲ್ಲಿ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಆರಂಭವಾದ ‘ಸಕಾಲ’ ಯೋಜನೆಯೂ ಇದೇ ತತ್ತ್ವದ ಮೇಲೆ ನಿಂತಿದೆ. ಅರ್ಜಿ ಸಲ್ಲಿಸಿದವರಿಗೆ ಕೊಡುವ ಸ್ವೀಕೃತಿ ಸಂಖ್ಯೆಯೇ ಅಲ್ಲಿ ಕಾಲಮಿತಿಯ ಲೆಕ್ಕಕ್ಕೆ ಆಧಾರ. ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆಗಳ ಕಂಪ್ಯೂಟರ್ ವ್ಯವಸ್ಥೆಯಲ್ಲಿಯೂ ಪ್ರತಿ ದೂರಿಗೆ ನೋಂದಣಿ ಸಂಖ್ಯೆ ದೊರೆಯುತ್ತದೆ. 2024ರ ಆಗಸ್ಟ್ ತಿಂಗಳ ಮಾರ್ಗಸೂಚಿಗಳಲ್ಲಿ ದೂರುಗಳ ಇತ್ಯರ್ಥಕ್ಕೆ 21 ದಿನಗಳ ಅವಧಿಯನ್ನು ಗೊತ್ತುಪಡಿಸಲಾಗಿದೆ.

ಕಚೇರಿಯ ಒಳಗೂ ಇಂಥದೇ ಒಂದು ಎಚ್ಚರಿಕೆಯ ವ್ಯವಸ್ಥೆ ಇದೆ. ಬಾಕಿ ಉಳಿದ ಪತ್ರಗಳ ವಾರದ ತಃಖ್ತೆ ಮತ್ತು ಒಂದು ತಿಂಗಳಿಗೂ ಹೆಚ್ಚು ಕಾಲ ಉಳಿದ ಪ್ರಕರಣಗಳ ಮಾಸಿಕ ತಃಖ್ತೆಯನ್ನು ಸಿದ್ಧಪಡಿಸುವುದು ಗುಮಾಸ್ತರ ಕರ್ತವ್ಯ. ಬಾಕಿಯನ್ನು ಕಡಿಮೆ ತೋರಿಸಿದರೆ ಆ ವಾರ ಆಕ್ಷೇಪಣೆ ತಪ್ಪಬಹುದು. ಆದರೆ ತಃಖ್ತೆಯಲ್ಲಿ ಕಾಣದ ಪ್ರಕರಣದ ಕಡೆಗೆ ಅಧಿಕಾರಿಯ ಗಮನವೂ ಹೋಗುವುದಿಲ್ಲ. ಹೀಗಾಗಿ ನಿಜವಾದ ಬಾಕಿಯನ್ನು ಬರೆಯುವ ಗುಮಾಸ್ತರು ಅರ್ಜಿದಾರರ ಪರವಾಗಿ ಕೆಲಸ ಮಾಡಿದಂತಾಗುತ್ತದೆ.

ವಹಿಯಿಂದ ಕಂಪ್ಯೂಟರಿಗೆ

ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿದ ‘ಇ-ಆಫೀಸ್’ ವ್ಯವಸ್ಥೆ ಈಗ ಕೇಂದ್ರದ ಮಂತ್ರಾಲಯಗಳಲ್ಲಿಯೂ ಅನೇಕ ಅಧೀನ ಕಚೇರಿಗಳಲ್ಲಿಯೂ ಬಳಕೆಯಲ್ಲಿದೆ. ಬಂದ ಪತ್ರವನ್ನು ಸ್ಕ್ಯಾನ್ ಮಾಡಿದೊಡನೆ ಕಂಪ್ಯೂಟರ್ ಸಂಖ್ಯೆ ಕೊಡುತ್ತದೆ. ಕಡತ ಯಾರ ಬಳಿ, ಎಷ್ಟು ದಿನಗಳಿಂದ ಇದೆ ಎಂಬುದು ಪರದೆಯ ಮೇಲೆ ಕಾಣುತ್ತದೆ. ಕಡತ ಕಾಣೆಯಾಯಿತು ಎಂಬ ನೆಪಕ್ಕೆ ಅವಕಾಶ ಕಡಿಮೆಯಾಗಿದೆ.

ಹಾಗೆಂದು ಗುಮಾಸ್ತರ ವಿವೇಚನೆಯ ಅಗತ್ಯ ಕಡಿಮೆಯಾಗಿಲ್ಲ. ಮರಣ ಪ್ರಮಾಣಪತ್ರದ ಹಿಂಬದಿಯನ್ನು ಸ್ಕ್ಯಾನ್ ಮಾಡದೆ ಬಿಟ್ಟರೆ, ವಿಷಯದ ಅಂಕಣದಲ್ಲಿ ‘ಇತರೆ’ ಎಂದು ಆರಿಸಿದರೆ, ಹೆಸರಿನ ಒಂದು ಅಕ್ಷರ ತಪ್ಪಿದರೆ ಕಂಪ್ಯೂಟರಿನಲ್ಲಿಯೂ ಪತ್ರ ಸಿಗುವುದಿಲ್ಲ. ಹಿಂದೆ ವಹಿಯಲ್ಲಿ ಬೇಕಾಗಿದ್ದ ಎಚ್ಚರಿಕೆಯೇ ಈಗ ಪರದೆಯ ಮೇಲೂ ಬೇಕು.

ನಡತೆ, ವೇತನ ಮತ್ತು ಬಡ್ತಿ

1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು ಪ್ರತಿಯೊಬ್ಬ ನೌಕರರಿಂದಲೂ ಸಂಪೂರ್ಣ ಪ್ರಾಮಾಣಿಕತೆ ಮತ್ತು ಕರ್ತವ್ಯನಿಷ್ಠೆಯನ್ನು ಅಪೇಕ್ಷಿಸುತ್ತವೆ. ಕಡತ ಮುಂದೆ ಹೋಗಲು ‘ಚಹಾ ಕಾಸು’ ಕೇಳುವುದು ಸಣ್ಣ ವಿಷಯವೆಂದು ಕೆಲವರು ಭಾವಿಸುವುದುಂಟು. 2018ರಲ್ಲಿ ತಿದ್ದುಪಡಿಯಾದ 1988ರ ಭ್ರಷ್ಟಾಚಾರ ಪ್ರತಿಬಂಧಕ ಅಧಿನಿಯಮದಂತೆ ಲಂಚ ಪಡೆದ ಸಾರ್ವಜನಿಕ ನೌಕರರಿಗೆ 3 ವರ್ಷಗಳಿಗೆ ಕಡಿಮೆಯಿಲ್ಲದ, 7 ವರ್ಷಗಳವರೆಗೆ ವಿಸ್ತರಿಸಬಹುದಾದ ಸೆರೆವಾಸವಿದೆ. ಮೊತ್ತ ಚಿಕ್ಕದೆಂಬುದು ಸಮರ್ಥನೆಯಾಗಲಾರದು.

ಏಳನೆಯ ವೇತನ ಆಯೋಗದ ಶಿಫಾರಸುಗಳನ್ನು ಅನುಸರಿಸಿ 2016ರ ಜನವರಿ 1ರಿಂದ ಅನ್ವಯವಾದ ಪಟ್ಟಿಯಲ್ಲಿ ಈ ಹುದ್ದೆ ಎರಡನೆಯ ಸ್ತರದಲ್ಲಿದೆ. ಅದರಲ್ಲಿ ಆರಂಭದ ಮೂಲ ವೇತನ 19,900 ರೂಪಾಯಿ. ತುಟ್ಟಿಭತ್ಯೆ ಮತ್ತು ಮನೆ ಬಾಡಿಗೆ ಭತ್ಯೆ ಇದಕ್ಕೆ ಸೇರುತ್ತವೆ. ಜ್ಯೇಷ್ಠತೆ ಮತ್ತು ಇಲಾಖಾ ಪರೀಕ್ಷೆಗಳ ಮೂಲಕ ಮೇಲ್ದರ್ಜೆ ಗುಮಾಸ್ತರ ಹುದ್ದೆಗೆ ಬಡ್ತಿ ಸಿಗುತ್ತದೆ. ಬಡ್ತಿ ತಡವಾದವರಿಗೆ 10, 20 ಮತ್ತು 30 ವರ್ಷಗಳ ಸೇವೆಯ ನಂತರ ಆರ್ಥಿಕ ಉನ್ನತಿ ನೀಡುವ ಯೋಜನೆ 2008ರಿಂದ ಇದೆ. ಇಲಾಖಾ ಪರೀಕ್ಷೆಗೆ ಓದಬೇಕಾದ ವಿಷಯದ ಬಹುಭಾಗ ದಿನವೂ ಕೈಯಲ್ಲಿ ಹಿಡಿಯುವ ಕಡತಗಳಲ್ಲೇ ಇರುತ್ತದೆ ಎಂಬುದನ್ನು ಹೊಸದಾಗಿ ಸೇರಿದವರು ನೆನಪಿನಲ್ಲಿಡಬೇಕು.

ಅರ್ಜಿದಾರರು ಮಾಡಬೇಕಾದದ್ದು

ಕಚೇರಿಗೆ ಪತ್ರ ಬರೆಯುವವರು ಕೆಲವು ಸರಳ ಕ್ರಮಗಳನ್ನು ಪಾಲಿಸಿದರೆ ಗುಮಾಸ್ತರ ಕೆಲಸವೂ ಹಗುರಾಗುತ್ತದೆ, ಅವರ ಕೆಲಸವೂ ಬೇಗ ಆಗುತ್ತದೆ. ಒಂದು ಪತ್ರದಲ್ಲಿ ಒಂದೇ ವಿಷಯವನ್ನು ಬರೆಯಬೇಕು. ವಿಷಯ ಮತ್ತು ಹಿಂದಿನ ಪತ್ರದ ಉಲ್ಲೇಖ ಸಂಖ್ಯೆಯನ್ನು ಮೇಲ್ಭಾಗದಲ್ಲಿ ನಮೂದಿಸಬೇಕು. ಪೂರ್ಣ ವಿಳಾಸ, ಪಿನ್‌ಕೋಡ್ ಮತ್ತು ದೂರವಾಣಿ ಸಂಖ್ಯೆ ಇರಬೇಕು. ಲಗತ್ತುಗಳಿಗೆ ಸಂಖ್ಯೆ ಹಾಕಿ ಪತ್ರದ ಕೊನೆಯಲ್ಲಿ ಪಟ್ಟಿ ಕೊಡಬೇಕು. ಮೂಲ ದಾಖಲೆಗಳನ್ನು ಕೇಳದ ಹೊರತು ಕಳುಹಿಸಕೂಡದು. ಕೈಯಾರೆ ಕೊಡುವಾಗ ತಮ್ಮ ಪ್ರತಿಯ ಮೇಲೆ ದಿನಾಂಕದ ಮುದ್ರೆ ಮತ್ತು ಸಂಖ್ಯೆಯನ್ನು ಹಾಕಿಸಿಕೊಳ್ಳಬೇಕು. ಅಂಚೆಯಲ್ಲಿ ಕಳುಹಿಸುವಾಗ ರಸೀತಿಯನ್ನು ಕಾಪಾಡಿಕೊಳ್ಳಬೇಕು.

ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಹೊಸ ಅರ್ಜಿ ಬರೆಯದೆ, ಹಿಂದಿನ ಸ್ವೀಕೃತಿ ಸಂಖ್ಯೆಯನ್ನು ತೋರಿಸಿ ಜ್ಞಾಪನ ಪತ್ರ ಬರೆಯುವುದು ಉತ್ತಮ. ‘ನನ್ನ ಅರ್ಜಿ ಏನಾಯಿತು’ ಎಂಬ ಪ್ರಶ್ನೆಗೆ ನುಣುಚುವ ಉತ್ತರ ಕೊಡಬಹುದು. ‘ಇಂಥ ದಿನದ ಇಂಥ ಸಂಖ್ಯೆಯ ಪತ್ರ ಯಾವ ಶಾಖೆಯಲ್ಲಿದೆ’ ಎಂಬ ಪ್ರಶ್ನೆಗೆ ವಹಿ ನೋಡಿಯೇ ಉತ್ತರ ಕೊಡಬೇಕಾಗುತ್ತದೆ.

ಸರ್ಕಾರಿ ಕಚೇರಿಯ ಕಿರಿಯ ಗುಮಾಸ್ತರು ಯಾವ ಯೋಜನೆಯನ್ನೂ ಮಂಜೂರು ಮಾಡುವುದಿಲ್ಲ, ಯಾವ ಅರ್ಜಿಯನ್ನೂ ತಿರಸ್ಕರಿಸುವುದಿಲ್ಲ. ಅಂಥ ಅಧಿಕಾರ ಅವರಿಗಿಲ್ಲ. ಆದರೆ ಪತ್ರವನ್ನು ಬಂದ ದಿನವೇ ನೋಂದಾಯಿಸುವುದು, ಲಗತ್ತುಗಳನ್ನು ಎಣಿಸಿ ಬರೆಯುವುದು, ಹೆಸರನ್ನು ಇದ್ದಂತೆಯೇ ಇಳಿಸುವುದು ಮತ್ತು ಹಾಳೆಯನ್ನು ಅದರ ಸ್ಥಳದಲ್ಲಿ ಇಡುವುದು ಸಂಪೂರ್ಣವಾಗಿ ಅವರ ಕೈಯಲ್ಲಿದೆ. ದೂರದ ಊರಿನಲ್ಲಿ ಅಂಚೆಯವನ ದಾರಿ ಕಾಯುವ ಕುಟುಂಬಕ್ಕೆ ಸರ್ಕಾರ ಎಷ್ಟು ಹತ್ತಿರವಿದೆ ಎಂಬುದು ಬಹುಮಟ್ಟಿಗೆ ಈ ನಾಲ್ಕು ಕೆಲಸಗಳ ಮೇಲೆ ಅವಲಂಬಿಸಿದೆ.